ಹನ್ನೊಂದು ಮಾರ್ಕಿನ ಸಂಬಂಧ

ಚಾಮರಾಜಪೇಟೆಯ ಬಸ್ ನಿಲ್ದಾಣದಲ್ಲಿ ಪತ್ರಿಕೆ ಬಿಡಿಸಿ ನಿಂತಿದ್ದ ಶೀನಣ್ಣ ಬೇಕೆಂದು ಕೇಳಿಸಿಕೊಂಡದ್ದಲ್ಲ. ತರಗುಪೇಟೆಯ ಬೇಳೆ ವ್ಯಾಪಾರಿ ಪಂಚಾಕ್ಷರಯ್ಯನವರ ದನಿಯೇ ದೊಡ್ಡದು. ಪಕ್ಕದಲ್ಲಿ ಕಾಲೇಜಿಗೆ ಹೊರಟ ಮಗಳು ಮಹಾನಂದ.

“ಸಂಜೆ ಹುಡುಗನ ಕಡೆಯೋರು ನೋಡೋಕೆ ಬರ್ತಾರೆ. ಬೇಗ ಬಂದ್ಬಿಡು.”

“ಅಪ್ಪಾಜಿ, ಆ ಹುಡುಗ ನಮ್ಮ ಕ್ಯಾಲ್ಕುಲಸ್ ಮೇಷ್ಟ್ರು.”

“ಒಳ್ಳೇದೇ ಆಯ್ತಲ್ಲ. ನಿನ್ನ ನೋಡೇ ಇರ್ತಾರೆ.”

“ಎಲ್ಲಿ ನೋಡ್ತಾರೆ? ನಮ್ಮ ಕಾಲೇಜಿನ ರೂಲ್ಸು, ಹುಡುಗೀರು ಮೇಷ್ಟ್ರ ಹಿಂದೇನೇ ಕ್ಲಾಸಿಗೆ ಹೋಗ್ಬೇಕು, ಹಿಂದೇನೇ ಹೊರಗೆ ಬರ್ಬೇಕು. ಒಳಗೆ ಅವರು ಬೋರ್ಡ್ ನೋಡ್ಕೊಂಡೇ ಪಾಠ ಮಾಡ್ತಾರೆ. ನಾನು ಅವರ ಬೆನ್ನು ನೋಡಿದೀನಿ, ಅವರು ನನ್ನ ಪೇಪರ್ ನೋಡಿದಾರೆ.”

“ಎಷ್ಟು ಕೊಟ್ರು?”

“ನೂರಕ್ಕೆ ಹನ್ನೊಂದು.”

ಶೀನಣ್ಣ ಓದದ ಪುಟವನ್ನು ಮಗುಚಿದ.

“ಆದ್ರೂ ಬರ್ತಿದಾರಲ್ಲ, ದೊಡ್ಡ ಮನಸ್ಸು. ನಿಂಗೆ ಒಪ್ಪಿಗೆ ಇಲ್ವಾ?”

“ಇಲ್ಲ. ಆದ್ರೆ ಈಗ ಬೇಡ ಅಂದ್ರೆ ಮಾರ್ಕ್ಸ್ ಕೊಡ್ಲಿಲ್ಲ ಅಂತ ಸಿಟ್ಟು ಅಂದ್ಕೋತಾರೆ. ಪರೀಕ್ಷೆ ಆದ್ಮೇಲೆ ಬನ್ನಿ ಅಂತ ಹೇಳ್ಕಳ್ಸಿ. ಪಾಸಾಗಿ ಬೇಡ ಅಂತೀನಿ.”

ಬಸ್ಸು ಬಂತು. ಮಹಾನಂದ ಹತ್ತಿದಳು. ಪಂಚಾಕ್ಷರಯ್ಯನವರು ಕೆಳಗೆ ನಿಂತೇ ಕೂಗಿದರು:

“ಫೇಲಾದ್ರೆ?”

“ಇನ್ನೊಂದು ವರ್ಷ ಕಾಯ್ಲಿ.”