ಥೋಯಿನ್ ಕೊಂಡು ತಂದ ರಮೋಕ್

ಮೊದಲೇ ಹೇಳಿಬಿಡುತ್ತೇನೆ. ಮೋಟಾರ್‌ಸೈಕಲ್ಲಿನ ಬೆನ್ನಿಗೆ ರಮೋಕ್ ಬಂಡಿ ಕಟ್ಟಿ ಓಡಿಸುವುದರಲ್ಲಿ ಈ ಕಂಪೊಂಗ್ ಛ್ನಾಂಗ್ ಸೀಮೆಯಲ್ಲಿ ನನಗೆ ಸಮನಾದವನು ಹುಟ್ಟಿಲ್ಲ. ಹನ್ನೊಂದು ಹಂದಿ, ವಿಹಾರದ ಒಂದು ನಗಾರಿ, ನಗಾರಿಯ ಮೇಲೆ ಒಬ್ಬ ದಪ್ಪ ಭಿಕ್ಷು, ಇಷ್ಟನ್ನೂ ಹೇರಿಕೊಂಡು ಬಟ್ಟಂಬಾಂಗಿನಿಂದ ಬ್ರೇಕಿಲ್ಲದ ಗಾಡಿಯಲ್ಲಿ ಒಂದೇ ಉಸಿರಿಗೆ ಬಂದವನು ನಾನು. ನೋಡಿದವರು ಮೂವರಿದ್ದರು. ಮೂವರೂ ಈಗ ಸ್ತೂಪದೊಳಗೆ ಬೂದಿಯಾಗಿ ಕೂತಿದ್ದಾರೆ. ನಂಬದವರು ಹೋಗಿ ಕೇಳಿ.

ಆದರೆ ನನ್ನ ಷಡ್ಡಕ ಥೋಯಿನ್‌ನದು ಅಂಥದ್ದಲ್ಲ. ಅದು ನಡೆದದ್ದು. ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಅಷ್ಟು ಸಾಕು.

ಥೋಯಿನ್ ಮಡಕೆ, ಮಣ್ಣಿನ ಒಲೆ ಹೇರಿಕೊಂಡು ಊರೂರು ತಿರುಗಿ ಮಾರುವವನು. ಹನ್ನೆರಡು ವರ್ಷ ಎತ್ತಿನ ಗಾಡಿಯಲ್ಲೇ ತಿರುಗಿದ. ಹೆಂಡತಿ ಸಿನೂನ್ ಹಿಂದೆ, ಮಡಕೆಗಳ ನಡುವೆ, ಎರಡು ಕೈಯಲ್ಲೂ ಅವನ್ನು ತಬ್ಬಿಕೊಂಡು ಕೂರುವಳು. ಸೇತುವೆ ಬಂದಾಗಲೆಲ್ಲ ಇವನು ಹಿಂದೆ ತಿರುಗದೆ ಕೂಗಬೇಕು: "ಸೇತುವೆ ಬಂತು... ಗಟ್ಟಿ ಹಿಡ್ಕೊಂಡು ಬಾರೇ!" ಕೂಗದಿದ್ದರೆ ಹತ್ತು ಮಡಕೆ ಚೂರು. ಹೀಗೆ ಕೂಗಿ ಕೂಗಿ ಅದು ಅವನಿಗೆ ಕೆಮ್ಮಿನ ಹಾಗೆ ಆಗಿಹೋಗಿತ್ತು. ಕೇಳಿ ಬರುವುದಲ್ಲ, ತಾನಾಗಿ ಬರುವುದು.

ಆ ವರ್ಷ ಎತ್ತು ಮಾರಿ ಹಳೇ ಬೈಕೊಂದನ್ನು ಕೊಂಡ. ಸಿನೂನಳಿಗೆ ಒಂಬತ್ತು ತಿಂಗಳು ತುಂಬಿತ್ತು. ಅದಕ್ಕೂ ಮುಂಚೆ ಹುಟ್ಟಿದ ಎರಡು ಮಕ್ಕಳೂ ತಿಂಗಳು ಕಾಣದೆ ಹೋಗಿದ್ದವು. ಈ ಸಲ ಕಂಬಗಳ ಮೇಲಿನ ಮನೆಯ ಏಣಿಯ ಬುಡಕ್ಕೆ ಮುಳ್ಳಿನ ಕೊಂಬೆ ಕಟ್ಟಿದ್ದರು. ದೀಪ ಹಚ್ಚಿದ ಮೇಲೆ ಗೊತ್ತಿಲ್ಲದವರು ಯಾರೂ ಹತ್ತುವಂತಿಲ್ಲ. ಮನುಷ್ಯರೂ ಅಷ್ಟೆ... ಮಿಕ್ಕವರೂ ಅಷ್ಟೆ.

ಬೈಕೇನೋ ಆಯಿತು. ಬಂಡಿ ಬೇಕಲ್ಲ? ಪುರ್ಸಾತಿನ ಹೊರವಲಯದಲ್ಲಿ ನ್ಯೇಮ್ ಅನ್ನುವವನ ಹತ್ತಿರ ಒಂದಿದೆ ಎಂದು ಯಾರೋ ಹೇಳಿದರು. ಹೋದ. ನೀಲಿ ಬಣ್ಣ ಇನ್ನೂ ಬೆರಳಿಗೆ ಅಂಟುತ್ತಿತ್ತು. ಥೋಯಿನ್ ಬಂಡಿಯ ಮೇಲೆ ಹತ್ತಿ ಕುಣಿದ. ಸ್ಪ್ರಿಂಗು "ಗುಂಯ್" ಅಂತು. ಗಟ್ಟಿ ಮಾಲು.

"ಎಷ್ಟು?"

"ನಿನಗೆ ತೋಚಿದಷ್ಟು ಕೊಡು, ಅಣ್ಣ."

"ಇದೇನು ವಿಹಾರದ ಹುಂಡಿನಾ? ಬೆಲೆ ಹೇಳಯ್ಯ!"

"ನೂರು ಡಾಲರ್."

ಬೇರೆ ಕಡೆ ಇನ್ನೂರೈವತ್ತಕ್ಕೆ ಕಡಿಮೆ ಇಲ್ಲ. ಥೋಯಿನ್‌ನ ಕಿವಿ ಬಿಸಿಯಾಯಿತು. ನಮ್ಮಲ್ಲಿ ಹಳೇ ರಮೋಕ್ ಕೊಳ್ಳುವವರು ಒಂದು ಮಾತು ಕೇಳಿಯೇ ಕೇಳುತ್ತಾರೆ: "ಇದರಲ್ಲಿ ಏನೇನು ಹೊತ್ತೆ?" ಮಾರುವವನು ಮೂಕಿಯ ಮೇಲೆ ಕೈಯಿಟ್ಟು ನಿಜ ಹೇಳಬೇಕು. ಥೋಯಿನ್ ಕೇಳಲಿಲ್ಲ. ಕೇಳಿದರೆ ಮಾತು ಬೆಳೆಯುತ್ತದೆ, ಮಾತಿನ ಜೊತೆ ಬೆಲೆಯೂ ಬೆಳೆಯುತ್ತದೆ.

"ಅಣ್ಣ... ಒಂದು ವಿಷಯ ಹೇಳಬೇಕಿತ್ತು..." ಅಂದ ನ್ಯೇಮ್.

"ಹೇಳಿದ ಬೆಲೆ ಹೇಳಿದ್ದೇ!" ಅಂದವನೇ ಥೋಯಿನ್ ದುಡ್ಡು ಎಣಿಸಿ ಕೊಟ್ಟು, ಕೊಂಡಿಗೆ ಪಿನ್ನು ತೂರಿಸಿ, ಕಿಕ್ ಹೊಡೆದು ಹೊರಟುಬಿಟ್ಟ.

ಹೊತ್ತು ಮುಳುಗುತ್ತಿತ್ತು. ಖಾಲಿ ಬಂಡಿ ಗೊತ್ತಲ್ಲ, ಹರಟೆಮಲ್ಲಿ. ಗಡಗಡ, ಗಡಗಡ... ಬಾಯಿಗೆ ಬಿಡುವಿಲ್ಲ. ಮೊದಲ ಸೇತುವೆ ಬಂತು. ಗಾಲಿ ಹಲಗೆಗೆ ತಾಗಿದ್ದೇ ತಡ, ಅವನ ಬಾಯಿ ತಾನಾಗಿ ಕೂಗಿತು:

"ಸೇತುವೆ ಬಂತು... ಗಟ್ಟಿ ಹಿಡ್ಕೊಂಡು ಬಾರೇ!"

ಕೂಗಿದ ಮೇಲೆ ಅವನಿಗೇ ನಗು ಬಂತು. ಹಿಂದೆ ಯಾರಿದ್ದಾರೆ?

ಸೇತುವೆ ಇಳಿದ. ಎರಡು ಮಾರು ಹೋಗಿರಬಹುದು... ಗಡಗಡ ನಿಂತಿತು.

ಬಂಡಿ ಬರುತ್ತಿದೆ. ಸದ್ದಿಲ್ಲ. ಸ್ಪ್ರಿಂಗು ಮಾತ್ರ ಒಮ್ಮೆ "ಕಿರ್ರ್" ಎಂದು ಮೆಲ್ಲಗೆ ಕೆಳಗೆ ಕೂತಿತು. ಭಾರ ಬಿದ್ದಾಗ ಕೂರುವ ಹಾಗೆ. ತಿರುಗಿ ನೋಡಿದ. ನೀಲಿ ಹಲಗೆ, ಅದರ ಮೇಲೆ ಧೂಳು. ಏನೂ ಇಲ್ಲ.

ದಾರಿಬದಿಯಲ್ಲಿ ತಾಳೆಮರದ ನೀರಾ ಮಾರುವ ಮುದುಕಿಯ ಗುಡಿಸಲು ಕಂಡಿತು. ನಿಲ್ಲಿಸಿದ. ಮುದುಕಿ ನೀರಾ ಬಗ್ಗಿಸುತ್ತ ಬಂಡಿಯನ್ನೇ ನೋಡಿದಳು. ಆಮೇಲೆ ದನಿ ಇಳಿಸಿದಳು.

"ಬಣ್ಣ ಬಳಿದಿದಾನೆ. ಆ ನಾಲ್ಕು ಕಬ್ಬಿಣದ ಬಳೆ ಮಾತ್ರ ಬಿಚ್ಚಿಲ್ಲ."

"ಯಾವ ಬಳೆ?"

"ಚಾಪೆ ಕಟ್ಟೋದು. ಆಸ್ಪತ್ರೆಲಿ ತೀರಿಕೊಂಡೋರನ್ನ ಊರಿಗೆ ಒಯ್ತಿದ್ದ ಬಂಡಿ ಕಣಪ್ಪ ಇದು."

ಥೋಯಿನ್ ಬಗ್ಗಿ ಬಳೆಯೊಂದನ್ನು ಮುಟ್ಟಿ ನೋಡಿದ.

"ಹೆಣ ಒಯ್ಯೋನು ಸೇತುವೆ ಸೇತುವೆಗೂ ಕರೀಬೇಕಲ್ಲ, ಸೇತುವೆ ಬಂತು, ಬಾ ಅಂತ? ಕರೀದಿದ್ರೆ ಸತ್ತೋರು ನೀರು ದಾಟಲ್ಲ. ಹೋದ ತಿಂಗಳು ಆ ನ್ಯೇಮ್ ಕುಡಿದಿದ್ದ... ಕರೀಲೇ ಇಲ್ಲ. ದೇಹ ಊರು ಸೇರ್ತು. ಅವಳು ನೀ ಈಗ ದಾಟಿ ಬಂದ ಆ ಸೇತುವೆ ಹತ್ರನೇ ಉಳಿದ್ಳು."

"ಯಾರು... ಅವಳು?"

"ಹೆರಿಗೆಲಿ ಹೋದೋಳು. ಮಗೂನೂ ಉಳೀಲಿಲ್ಲ." ಮುದುಕಿ ಇನ್ನೂ ಹತ್ತಿರ ಬಗ್ಗಿದಳು. "ನೀನು ಏನೂ ಕೂಗಿಲ್ಲ ತಾನೆ?"

ಥೋಯಿನ್ ಕುಡಿಯದೆ ಲೋಟ ಕೆಳಗಿಟ್ಟ. ಮನೆಯಲ್ಲಿ ತುಂಬು ಬಸುರಿ. ಹೆರಿಗೆಯಲ್ಲಿ ಸತ್ತವಳು ಹುಡುಕುವುದು ಇನ್ನೇನನ್ನು?

"ಬಂಡಿ ಇಲ್ಲೇ ಬಿಟ್ಟು ಹೋಗಯ್ಯ."

"ಎತ್ತು ಮಾರಿದ ದುಡ್ಡು, ಅಜ್ಜಿ..." ಅಂದ ಥೋಯಿನ್. ಬಂಡಿಯ ಕಡೆ ನೋಡಿ ಕೇಳಿದ, "ಕರೀದಿದ್ರೆ ದಾಟಲ್ಲ ತಾನೆ?"

"ದಾಟಲ್ಲ."

ಇನ್ನು ಉಳಿದದ್ದು ಒಂದೇ ಸೇತುವೆ. ಅವನ ಊರಿನದು. ಹೆಗಲ ಮೇಲಿನ ಚೌಕಳಿ ವಸ್ತ್ರ ತೆಗೆದು ಬಾಯಿಗೆ ಬಿಗಿದು, ಹಿಂದೆ ಎರಡು ಗಂಟು ಹಾಕಿದ. ಕೆಮ್ಮು ಬಂದರೂ ಹೊರಗೆ ಬರಬಾರದು.

ಹೊಳೆ ತಲುಪುವಾಗ ಕತ್ತಲೆ. ಕಪ್ಪೆಗಳು ವಟಗುಟ್ಟುತ್ತಿದ್ದವು. ಇವನು ಬಂದಂತೆ ಒಂದೊಂದೇ ಸುಮ್ಮನಾದವು. ಮುಂದಿನ ಗಾಲಿ ಹಲಗೆ ಹತ್ತಿತು. ಹಿಂದೆ ಬಂಡಿ... ದಡ್... ದಡ್... ನೂರು ಮಡಕೆ ಹೇರಿದ ಸದ್ದು.

ಆಗ ಆಚೆ ದಡದಲ್ಲಿ ಒಂದು ಲಾಂದ್ರ ಮೇಲೆದ್ದಿತು.

ಸಿನೂನ್! ಹಲಗೆಗಳು ಅಲ್ಲಲ್ಲಿ ಕಿತ್ತಿದ್ದವಲ್ಲ, ಕತ್ತಲಾದರೆ ದೀಪ ಹಿಡಿದು ದಾರಿ ಹೇಳಲು ಬರುವುದು ಅವಳ ಅಭ್ಯಾಸ. ಒಂಬತ್ತು ತಿಂಗಳ ಹೊಟ್ಟೆ ಹೊತ್ತು ಬಂದು ನಿಂತಿದ್ದಾಳೆ. ಥೋಯಿನ್ ತಲೆ ಅಲ್ಲಾಡಿಸಿದ. ಬಟ್ಟೆಯೊಳಗೆ "ಮ್... ಮ್..." ಎಂದ. ಕೈ ಬಿಟ್ಟರೆ ಗಾಡಿ ಹೊಳೆಗೆ.

"ಸೇತುವೆ ಮೇಲೆ ಹುಷಾರು!" ಎಂದು ಅವಳು ಕೂಗಿದಳು. "ಎಡಕ್ಕೆ ಬಾ... ಹಾಂ, ಗಟ್ಟಿ ಹಿಡ್ಕೊಂಡು ಬಾ... ಬಾ, ಬಾ!"

ದಡ್... ದಡ್... ದಡ್.

ಆಚೆ ದಡಕ್ಕೆ ಗಾಲಿ ಇಳಿದದ್ದೇ ಸ್ಪ್ರಿಂಗು "ಗುಂಯ್" ಎಂದು ಮೇಲೆದ್ದಿತು. ಬಂಡಿ ಮತ್ತೆ ಗಡಗಡ ಹರಟೆಗೆ ಶುರು. ಸಿನೂನ್ ಹೊಟ್ಟೆ ಹಿಡಿದುಕೊಂಡಳು. ಲಾಂದ್ರ ಬಿತ್ತು.

ಆ ರಾತ್ರಿ ಸೂಲಗಿತ್ತಿಯಾಗಿ ಹೋದವಳು ನನ್ನ ಹೆಂಡತಿಯೇ. ಇಗೋ, ಮೂಲೆಯಲ್ಲಿ ವೀಳ್ಯ ಜಗಿಯುತ್ತ ಕೂತಿದ್ದಾಳಲ್ಲ. ಥೋಯಿನ್ ಕೊಡಲಿ ಹಿಡಿದು ಏಣಿಯ ಬುಡದಲ್ಲೇ ಬೆಳಗು ಮಾಡಿದ. ಹೆಣ್ಣು ಮಗು. ಉಳಿಯಿತು! ತಿಂಗಳು ದಾಟಿತು, ವರ್ಷ ದಾಟಿತು. ಆದರೆ ಹೆರಿಗೆಯಾದ ಮೂರನೆಯ ದಿನ, ಬಾಣಂತಿಗೆಂದು ಕೆಳಗೆ ಕೆಂಡವಿಟ್ಟ ಬೆಂಕಿಮಂಚದ ಮೇಲೆ ಮಲಗಿದ್ದ ಸಿನೂನ್ ಗಂಡನನ್ನು ಕರೆದು ಕೇಳಿದಳು:

"ನಿನ್ನ ಬಂಡೀಲಿ ಬಂದ ಆ ಅಕ್ಕ... ರಾತ್ರಿಯೆಲ್ಲ ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಕೂತಿದ್ಳಲ್ಲ. ಪಾಪ, ಉಂಡು ಹೋದ್ಳಾ?"

ನಡೆದದ್ದು ಇದು. ಒಂದಕ್ಷರ ನಾನು ಸೇರಿಸಿಲ್ಲ.

"ಸುಳ್ಳಿಗೂ ಒಂದು ಅಳತೆ ಬೇಕು!" ಮೂಲೆಯಿಂದ ನನ್ನ ಹೆಂಡತಿ ಬಾಯಿ ಹಾಕಿದಳು. "ಯಾವ ಸೇತುವೆ? ಆ ವರ್ಷ ಹಿರಿಯರ ಹಬ್ಬದ ನೆರೇಲಿ ಕೊಚ್ಕೊಂಡು ಹೋಗಿರಲಿಲ್ವ ಅದು? ಹೆರಿಗೆಗೆ ನಾನು ದಾಟಿದ್ದು ತೆಪ್ಪದಲ್ಲಿ. ಇಬ್ಬರು ನಿಂತರೆ ನೀರು ಪಾದಕ್ಕೆ ಬರ್ತಿತ್ತು!"

ಎಲ್ಲರೂ ಗೊಳ್ಳೆಂದು ನಕ್ಕರು. ನಾನು ನಗಲಿಲ್ಲ.

"ಸರಿ ಕಣೆ. ನೀನು ಹೋದಾಗ ರಮೋಕ್ ಹೊಳೆ ಆಚೆ ಅವನ ಮನೆ ಮುಂದೆ ಇತ್ತೋ ಇಲ್ವೋ?"

ಅವಳು ಜಗಿಯುವುದನ್ನು ನಿಲ್ಲಿಸಿದಳು.

"ಇತ್ತು..." ಅಂದಳು. "ಗಾಲಿ ಒಣಗಿತ್ತು."

ನಾನು ಭುಜ ಹಾರಿಸಿದೆ.