ಹೆಚ್ಚು ಓದಿದವಳಿಗೊಂದು ಮೊರ

ನಮ್ಮ ಮಾವಿಲಚೇರಿ ಬೀಡಿ ಸಹಕಾರ ಸಂಘದ ಅಧ್ಯಕ್ಷರಾದ ಸುಧಾಕರನ್ ಅವರೇ, ಇಷ್ಟು ಬಿಸಿಲಲ್ಲಿ ಕಣ್ಣೂರಿನಿಂದ ಬಂದಿರುವ ಮುಖ್ಯ ಅತಿಥಿಗಳೇ, ಗಂಟಲು ಕೆಟ್ಟರೂ ಮುಂದಿನ ಸಾಲು ಬಿಡದ ನಾವು ಬೀಡಿ ಕಟ್ಟುವಾಗ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ ಹಳೆಯ ಓದುಗರೂ ನಮ್ಮೆಲ್ಲರ ಹಿರಿಯಣ್ಣನೂ ಆದ ಕಣ್ಣನ್ ಏಟ್ಟನವರೇ, ನನ್ನ ಜೊತೆ ಎಲೆ ಕತ್ತರಿಸಿ ಬೆರಳು ಸವೆಸಿದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಸಭಿಕರೇ,

ಸಭೆ ಶುರುವಾದಾಗಿನಿಂದ ಎಲ್ಲರೂ ನನ್ನನ್ನು ಹೊಗಳುತ್ತಿದ್ದೀರಿ. ಕಾರ್ತ್ಯಾಯನಿ ಚೇಚಿ ಹಾಗೆ, ಕಾರ್ತ್ಯಾಯನಿ ಚೇಚಿ ಹೀಗೆ. ನಿಮ್ಮ ಈ ಅಕ್ಕ ಅಷ್ಟು ಒಳ್ಳೆಯವಳಾದರೆ ಅವಳನ್ನು ಮನೆಗೆ ಕಳಿಸುವುದೇಕೆ ಸ್ವಾಮಿ? ನಗಬೇಡಿ, ಮೊದಲೇ ಈ ಮೈಕು ನನಗೆ ಹೊಸದು. ಹೊದಿಸಿದ ಶಾಲು ಸೆಖೆಗೆ ಚುಚ್ಚುತ್ತಿದೆ. ತೆಗೆದು ಮೇಜಿನ ಮೇಲಿಡುತ್ತೇನೆ, ಅಗೌರವವೆಂದು ತಿಳಿಯಬಾರದು.

ನಿವೃತ್ತಳಾಗುವವಳು ನಾಲ್ಕು ಮಾತು ಹೇಳಿ, ಕಣ್ಣೊರೆಸಿಕೊಂಡು ಕೂರಬೇಕು. ಅದು ಪದ್ಧತಿ. ಆದರೆ ನಾಳೆ ಬೆಳಿಗ್ಗೆ ಸಮಿತಿ ಸೇರುತ್ತದೆ. ಖಾಲಿಯಾಗುವ ನನ್ನ ಜಾಗ ಯಾರಿಗೆಂದು ತೀರ್ಮಾನಿಸುತ್ತದೆ. ಆ ಸಮಿತಿಯಲ್ಲಿ ನಾಳೆ ನಾನಿರುವುದಿಲ್ಲ. ಮೈಕು ಇರುವುದು ಇವತ್ತು. ಆದ್ದರಿಂದ ನನ್ನ ಬಗ್ಗೆ ಸಾಕು. ಅಲ್ಲಿ, ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತಿದ್ದಾಳಲ್ಲ ಪ್ರಸೀತ, ಅವಳ ಬಗ್ಗೆ ಮಾತಾಡುತ್ತೇನೆ. ಪ್ರಸೀತೇ, ತಲೆ ತಗ್ಗಿಸಬೇಡ ಮಗಳೇ. ನಾಚಿಕೆ ಪಡಬೇಕಾದವರು ಬೇರೆ ಇದ್ದಾರೆ.

ಅತಿಥಿಗಳಿಗೆ ತಿಳಿದಿರಲಿಕ್ಕಿಲ್ಲ. ಪ್ರಸೀತ ಕಲ್ಲು ಕ್ವಾರಿಯಲ್ಲಿ ಕೆಂಪು ಕಲ್ಲು ಕಡಿಯುತ್ತಿದ್ದ ಗೋವಿಂದನ್ ಮಗಳು. ಹಿಂದಿನ ಕಾಲದ ಮೆಣಸಿನ ವ್ಯಾಪಾರದ ಮೇಲೆ ದೊಡ್ಡ ಪುಸ್ತಕ ಬರೆದು ಡಾಕ್ಟರ್ ಆದವಳು. ಅವಳು ಇಲ್ಲಿಗೆ ಬಂದ ದಿನ ನಮ್ಮ ನಾಣಿಯಮ್ಮ ಮುಂಡು ಎತ್ತಿ ಮಂಡಿ ತೋರಿಸಿ, "ಡಾಕ್ಟರೇ, ಮೆಟ್ಲು ಹತ್ತೋವಾಗ ಇಲ್ಲೇ ನೋಯುತ್ತೆ ನೋಡಿ" ಎಂದದ್ದು ನಿಮಗೆ ನೆನಪಿದೆ. ಪ್ರಸೀತ ಏನು ಮಾಡಿದಳು? ನಗಲಿಲ್ಲ. ಕೂತು ಆ ಮಂಡಿಯನ್ನು ತಿಕ್ಕಿದಳು. ನಾಣಿಯಮ್ಮ ಇಂದಿಗೂ ಬೇರೆ ಡಾಕ್ಟರರ ಹತ್ತಿರ ಹೋಗಿಲ್ಲ.

ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇವಳು ವರ್ಷವರ್ಷ ಊರೂರು ಅಲೆದಳು. ಕೊನೆಗೆ ಅದೂ ನಿಂತಿತು. ಕಾಯಂ ಕೆಲಸಕ್ಕೆ ವಯಸ್ಸು ದಾಟಿತು. ಸರಿ, ಸಣ್ಣ ಕೆಲಸವಾದರೂ ಸಾಕೆಂದಳು. ಕಚೇರಿಯ ಜವಾನರ ಕೆಲಸ ಕೇಳಿದರೆ, ಪದವಿ ಇದ್ದವರು ಅರ್ಜಿ ಹಾಕುವಂತೆಯೇ ಇಲ್ಲವಂತೆ. ನರ್ಸರಿ ಶಾಲೆಯಲ್ಲಿ ಕೇಳಿದರೆ, "ಅಯ್ಯೋ ಮೇಡಂ, ನಿಮ್ಮಂಥವರು ಮಕ್ಕಳ ಮೂಗು ಒರೆಸೋದಾ?" ಎಂದು ಕೈಮುಗಿದರಂತೆ. ಎಲ್ಲ ಕಡೆಯೂ ಕೈಮುಗಿದೇ ಕಳಿಸಿದರು. ಬೈದು ಕಳಿಸಿದರೆ ತಿರುಗಿ ಬೈಯಬಹುದು. ಕೈಮುಗಿದವರನ್ನು ಏನು ಮಾಡುವುದು?

ಆಮೇಲೆ ತಲಶ್ಶೇರಿಯ ಒಂದು ಜವಳಿ ಅಂಗಡಿಯಲ್ಲಿ ಹತ್ತನೇ ತರಗತಿ ಎಂದು ಹೇಳಿ ಸೇರಿಕೊಂಡಳು. ಸೀರೆ ಮಡಿಸುವುದರಲ್ಲಿ ಗಟ್ಟಿಗಿತ್ತಿ ಎನಿಸಿಕೊಂಡಳು. ಒಂದು ದಿನ ಮದುವೆ ಸೀರೆ ಕೊಳ್ಳಲು ಬಂದ ಹುಡುಗಿಯೊಬ್ಬಳು ಇವಳನ್ನು ನೋಡಿದ್ದೇ, ಎಲ್ಲರ ಮುಂದೆ "ಟೀಚರ್!" ಎಂದು ಓಡಿ ಬಂದು ಕಾಲು ಮುಟ್ಟಿದಳು. ಸಂಜೆಯೇ ಇವಳ ಕೆಲಸ ಹೋಯಿತು. ಸಭಿಕರೇ, ಕದ್ದವರನ್ನು ಅಂಗಡಿಯಿಂದ ಕಳಿಸುವುದನ್ನು ಕೇಳಿದ್ದೇವೆ. ಓದನ್ನು ಮುಚ್ಚಿಟ್ಟಿದ್ದಕ್ಕೆ ಕಳಿಸುವುದನ್ನು ಎಲ್ಲಾದರೂ ಕೇಳಿದ್ದೀರಾ? ಆ ಶಿಷ್ಯೆಯ ಮೇಲೆ ಸಿಟ್ಟು ಬರಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ. "ಸಿಟ್ಟು ಯಾಕೆ ಚೇಚಿ? ಅವಳಿಗೆ ಚೆಂದದ ಸೀರೆ ಆರಿಸಿಕೊಟ್ಟೇ ಬಂದೆ" ಎಂದಳು. ಇವಳು ಅಂಥವಳು.

ಅದಾದ ಮೇಲೆ ಇವಳು ನಮ್ಮ ಬಾಗಿಲಿಗೆ ಬಂದದ್ದು. ಇಲ್ಲಿ ಏನನ್ನೂ ಮುಚ್ಚಲಿಲ್ಲ. ಸಮಿತಿಯಲ್ಲಿದ್ದ ನಾವೆಲ್ಲ ಬಾಯಿ ಬಾಯಿ ಬಿಟ್ಟೆವು. ನಾನು ಮಾತ್ರ ಅವಳ ಮುಂದೆ ಒಂದು ಮೊರ ಇಟ್ಟು, "ಓದು ಇರಲಿ, ಒಂದು ಬೀಡಿ ಕಟ್ಟು ನೋಡೋಣ" ಎಂದೆ. ಕಟ್ಟಿದಳು. ದೇವರೇ! ಒಂದು ಕಡೆ ಬಸುರಿ, ಇನ್ನೊಂದು ಕಡೆ ಉಪವಾಸ. ಕೈಗೆತ್ತಿಕೊಂಡರೆ ಹೊಗೆಸೊಪ್ಪೆಲ್ಲ ನನ್ನ ಮಡಿಲಿಗೆ ಸುರಿಯಿತು. ನಾನು ಹೇಳಿದೆ, "ಮಗಳೇ, ನಿಂಗೆ ಓದು ಹೆಚ್ಚಾಗಿಲ್ಲ, ಬೆರಳು ಸಾಲದು. ಈ ಕೆಲಸಕ್ಕೆ ನೀನು ಸಾಲೋದಿಲ್ಲ."

ಪ್ರಸೀತ ನಗತೊಡಗಿದಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ಚೇಚಿ, ಇನ್ನೊಂದು ಸಲ ಹೇಳಿ. ನೀನು ಸಾಲೋದಿಲ್ಲ ಅಂತ ಯಾರ ಬಾಯಲ್ಲೂ ಕೇಳಿಲ್ಲ ಇಷ್ಟು ದಿನ. ಸಾಲದಿದ್ರೆ ಕಲೀಬಹುದು. ಹೆಚ್ಚಾದ್ರೆ ಏನು ಮಾಡ್ಲಿ?" ಎಂದಳು. ಆ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಯಾಕೆಂದರೆ ನಾನು ಓದಿದ್ದು ನಾಲ್ಕನೇ ತರಗತಿ. ಹರೆಯದಲ್ಲಿ ಅಂಗನವಾಡಿಯ ಸಹಾಯಕಿಯಾಗಬೇಕೆಂದು ಆಸೆಪಟ್ಟು ಹೋದಾಗ, "ನಿನಗೆ ಓದು ಸಾಲದು" ಎಂದು ವಾಪಸು ಕಳಿಸಿದ್ದರು. ಮಕ್ಕಳಿಗೆ ಹಾಡು ಹೇಳಿಕೊಡಬೇಕೆಂದು ಎರಡು ಹಾಡು ಕಲಿತುಕೊಂಡು ಹೋಗಿದ್ದೆ. ಆಮೇಲೆ ಹೇಳಿಕೊಡಲು ಸ್ವಂತ ಮಕ್ಕಳೂ ಆಗಲಿಲ್ಲ. ಅದು ಬಿಡಿ. ಇವತ್ತಿನ ವಿಷಯ ಅದಲ್ಲ.

ಎಲೆಯ ಮೇಲೆ ತಗಡಿನ ಅಚ್ಚಿಟ್ಟು ನಾವು ಕತ್ತರಿಸುತ್ತೇವೆ. ಅಚ್ಚಿನಿಂದ ಹೊರಗೆ ಉಳಿದದ್ದು ಕಸ, ಅಚ್ಚಿಗೆ ಸಾಲದ ಎಲೆಯೂ ಕಸ. ಎಲೆಗೆ ಅದು ಸರಿ. ನನಗೆ ಕಡಿಮೆಯಾಯಿತು, ಇವಳಿಗೆ ಹೆಚ್ಚಾಯಿತು. ಹಾಗಾದರೆ ಈ ಲೋಕದ ಅಚ್ಚಿಗೆ ಸರಿಹೊಂದುವ ಮನುಷ್ಯರು ಯಾವ ಊರಿನಲ್ಲಿದ್ದಾರೆ?

ಪ್ರಸೀತ ಮನೆಗೆ ಹೋಗಿ ಕಲಿತಳು. ಬೀಡಿ ಎಲೆ ಸಿಗದಿದ್ದರೆ ಹಲಸಿನ ಎಲೆಯಲ್ಲಿ, ಹೊಗೆಸೊಪ್ಪು ಸಿಗದಿದ್ದರೆ ಉಮಿ ತುಂಬಿ ಕಲಿತಳು. ಮಳೆಗಾಲ ಕಳೆದು ಬಂದಾಗ ಅವಳ ಬೀಡಿ ಬಿಚ್ಚಿಕೊಳ್ಳದೆ ನಿಂತಿತು. ಬದಲಿ ಕೆಲಸಗಾರ್ತಿ ಎಂದು ಸೇರಿಸಿಕೊಂಡೆವು. ಇಂದಿಗೂ ಬದಲಿಯೇ. ಯಾರಿಗೆ ಜ್ವರವೋ ಅವರ ಚಾಪೆ ಅವಳದು. ಇಷ್ಟು ವರ್ಷವಾದರೂ ನಾವು ಬೀಡಿ ಕಟ್ಟುವ ಈ ಹಾಲ್‌ನಲ್ಲಿ ಅವಳಿಗೆ ಸ್ವಂತದ ಚಾಪೆಯಿಲ್ಲ.

ಆಗ ನಾವೊಂದು ತಪ್ಪು ಮಾಡಿದೆವು. ಕಣ್ಣನ್ ಏಟ್ಟನ ಗಂಟಲು ಕೆಟ್ಟು ಪತ್ರಿಕೆ ಓದುವವರಿಲ್ಲದೆ ಈ ಹಾಲ್ ಸತ್ತಂತಿತ್ತು. ಡಾಕ್ಟರೇ ಬಂದಿದ್ದಾಳೆ, ಇನ್ನೇನು ಬೇಕು? ಓದುವ ಕುರ್ಚಿಯಲ್ಲಿ ಅವಳನ್ನು ಕೂರಿಸಿದೆವು. ಅವಳು ಓದಿದಳು, ಚೆನ್ನಾಗಿಯೇ ಓದಿದಳು. ಆದರೆ ಯಾರೂ ತುಟಿ ಬಿಚ್ಚಲಿಲ್ಲ. ಕಣ್ಣನ್ ಏಟ್ಟ ಓದುವಾಗ ಈ ಹಾಲ್‌ನಲ್ಲಿ ಏನು ಗಲಾಟೆ! ಮಂತ್ರಿಯಿಂದ ಹಿಡಿದು ಮೀನಿನ ಬೆಲೆಯವರೆಗೆ ಎಲ್ಲಕ್ಕೂ ಜಗಳ, ಜಗಳದ ಬಿಸಿಗೆ ಬೆರಳು ತಾನಾಗಿ ಓಡುತ್ತಿತ್ತು. ಇವಳು ಓದುವಾಗ ದೇವಸ್ಥಾನದಲ್ಲಿ ನಿಂತಂತೆ ನಿಂತೆವು. ಬೆರಳುಗಳೂ ನಿಂತವು.

ಎರಡೋ ಮೂರೋ ದಿನ ನೋಡಿ ಅವಳು ಪತ್ರಿಕೆ ಮಡಿಸಿದಳು. "ಚಂದ್ರೇಟ್ಟಾ, ನೀವು ಯಾಕೆ ಬೈತಿಲ್ಲ?"

"ಡಾಕ್ಟರು ಓದೋವಾಗ ಬೈಯೋದು ಹೇಗಮ್ಮಾ?" ಎಂದ ಚಂದ್ರನ್.

"ಹಾಗಾದ್ರೆ ನಾನು ಓದೋದಿಲ್ಲ. ನೀವೆಲ್ಲ ಬೈಯೋಷ್ಟು ಹತ್ರ ಬಂದ ಮೇಲೆ ಓದ್ತೀನಿ" ಎಂದು ಕುರ್ಚಿಯಿಂದಿಳಿದು ಮೂಲೆಯಲ್ಲಿ ಕೂತಳು. ಎಲ್ಲರಿಗಿಂತ ನಿಧಾನದ ಕೆಲಸಗಾರ್ತಿಯಾಗಿ ಕೂತಳು. ತಪಾಸಣೆಯವರು ಅವಳ ಕಟ್ಟನ್ನು ಬಿಚ್ಚಿ ಎಸೆದರೆ ಹೆಕ್ಕಿ ಮತ್ತೆ ಕಟ್ಟಿದಳು. ನಾವು ತಮಾಷೆ ಮಾಡಿದರೆ ತಿರುಗಿ ತಮಾಷೆ ಮಾಡಿದಳು. ಕಪ್ಪಗೆಣಸು ಬೇಯಿಸಿ ತಂದರೆ ಹಂಚಿದಳು, ತರದ ದಿನ ನಮ್ಮ ಡಬ್ಬಿಗೆ ಕೈ ಹಾಕಿದಳು. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ತಾನಾಗಿ ಎದ್ದು ಪತ್ರಿಕೆ ಹಿಡಿದಳು. ಎರಡನೇ ಸುದ್ದಿಗೇ ಚಂದ್ರನ್, "ಸುಳ್ಳು! ಬರೀ ಸುಳ್ಳು! ಓದೋಳಿಗಾದ್ರೂ ಬುದ್ಧಿ ಬೇಡ್ವಾ?" ಎಂದು ಕೂಗಿದ. "ನನ್ನ ಮೇಲೆ ಯಾಕೆ ಹಾರ್ತೀರಾ? ಧೈರ್ಯ ಇದ್ರೆ ಪೇಪರಿನವರ ಹತ್ರ ಹೋಗಿ ಕೂಗಿ" ಎಂದು ಇವಳೂ ಕೂಗಿದಳು. ಅವತ್ತು ಚಹಾದ ಹೊತ್ತಿಗೆ ಇಡೀ ಹಾಲ್‌ಗೆ ಬಾಳೆಹಣ್ಣು ಕರಿದ ಪಳಂಪೊರಿ ತರಿಸಿದಳು. ಯಾಕೆಂದು ಚಂದ್ರನಿಗೆ ಇಂದಿಗೂ ಗೊತ್ತಿಲ್ಲ. ಚಂದ್ರಾ, ನೀನು ಬೈದದ್ದಕ್ಕೇ ಕಣೋ.

ಈಗ ಅಧ್ಯಕ್ಷರ ಮಾತಿಗೆ ಬರುತ್ತೇನೆ. ಸುಧಾಕರನ್ ಕೆಟ್ಟವರಲ್ಲ. ನಿನ್ನೆ ನನ್ನನ್ನು ಕರೆದು, "ಚೇಚಿ, ಡಾಕ್ಟರೇಟ್ ಮಾಡಿದವಳಿಗೆ ಕಾಯಂ ಚಾಪೆ ಕೊಟ್ರೆ ಊರು ಏನನ್ನುತ್ತೆ? ಅವಳು ಇವತ್ತಿಲ್ಲ ನಾಳೆ ಹಾರಿ ಹೋಗ್ತಾಳೆ" ಎಂದರು. ಹೋಗಲಿ! ಅವಳನ್ನು ಕರೆಯುವಷ್ಟು ಬುದ್ಧಿ ಯಾವುದಾದರೂ ಕಾಲೇಜಿಗೆ ಬಂದರೆ ನಾನೇ ಬಸ್ ಹತ್ತಿಸುತ್ತೇನೆ. ಆದರೆ ಅಧ್ಯಕ್ಷರೇ, ಹೋಗದೆ ಉಳಿದವರು ಯಾರು? ಇಷ್ಟು ಕಮ್ಮಿ ಓದಿದ ನಾನೇ ಇವತ್ತು ಹೋಗುತ್ತಿಲ್ಲವೇ?

ನಾಳೆಯಿಂದ ನಾನೂ ಪತ್ರಿಕೆ ತರಿಸಿ, ಕನ್ನಡಕ ಹಾಕಿ, ಅಕ್ಷರ ಕೂಡಿಸಿ ಓದಬಹುದು. ಆದರೆ ಒಬ್ಬಳೇ ಕೂತು ಯಾರ ಜೊತೆ ಜಗಳವಾಡಲಿ? ಬೆಳಗಿನ ಹೊತ್ತು ಈ ಹಾಲ್‌ನ ಕಿಟಕಿಯ ಹೊರಗೆ ನಿಂತರೆ ಯಾರೂ ಓಡಿಸಬಾರದು. ಅಷ್ಟೇ ನನ್ನ ಪಿಂಚಣಿ.

ಈ ವೇದಿಕೆಯ ಮೇಲೆ ನನ್ನ ಮೊರಕ್ಕೆ ಹೂಮಾಲೆ ಹಾಕಿ ಇಟ್ಟಿದ್ದೀರಿ, ಸತ್ತವರ ಪಟಕ್ಕೆ ಹಾಕಿದ ಹಾಗೆ. ಮಾಲೆ ತೆಗೆಯುತ್ತಿದ್ದೇನೆ. ಪತ್ರಿಕೆ ಓದುವ ಹೊತ್ತು ಓದುಗರು ಬೀಡಿ ಕಟ್ಟಲಾಗುವುದಿಲ್ಲ, ಅವರ ಪಾಲನ್ನು ನಾವು ಹೇಗೆ ಕೊಡುತ್ತೇವೆ? ಸಹಿಯಿಲ್ಲ, ಮೊಹರಿಲ್ಲ. ಓದು ಮುಗಿದ ಮೇಲೆ ಎದ್ದು ಹೋಗಿ ಅವರ ಮೊರಕ್ಕೆ ನಮ್ಮ ಬೀಡಿ ಹಾಕುತ್ತೇವೆ. ಓದು ಹಿಡಿಸದಿದ್ದರೆ ಹಾಕುವುದಿಲ್ಲ. ಇವತ್ತು ಮಧ್ಯಾಹ್ನ ಕಟ್ಟಿದ ನನ್ನ ಕೊನೆಯ ಬೀಡಿ ಸೆರಗಿನ ತುದಿಯಲ್ಲಿದೆ. ಇಗೋ, ಮೊರಕ್ಕೆ ಹಾಕಿದೆ. ಪ್ರಸೀತಳಿಗೆ ಈ ಜಾಗ ಸಲ್ಲಬೇಕು ಎನ್ನುವವರು ಒಂದೊಂದು ಹಾಕಿ. ನಾಳೆ ಸಮಿತಿ ಈ ಮೊರವನ್ನೇ ನೋಡಲಿ.

ಏನು ಚಂದ್ರಾ, ನನ್ನ ಮಾತು ಮುಗಿಯುವ ಮೊದಲೇ ಎದ್ದೆಯಾ? ಬಾ. ನಾಣಿಯಮ್ಮಾ, ನಿಧಾನ, ಮೆಟ್ಟಿಲಿದೆ. ಕಣ್ಣನ್ ಏಟ್ಟಾ, ನೀವು ಏಳಬೇಡಿ, ಮೊರವನ್ನೇ ಅಲ್ಲಿಗೆ ತರುತ್ತೇನೆ. ಅಯ್ಯೋ, ನೂಕಬೇಡಿ, ಮೈಕು ಬಿದ್ದೀತು! ಪ್ರಸೀತೇ, ಅಳುವುದು ಆಮೇಲೆ. ಮೊದಲು ಬಂದು ಮೊರ ಹಿಡಿದುಕೋ, ನನ್ನ ಕೈಗೆ ಭಾರವಾಗುತ್ತಿದೆ.

ಅಧ್ಯಕ್ಷರೇ, ಬೀಡಿ ಸೇದುವುದನ್ನು ಬಿಟ್ಟೆನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದೀರಿ. ಮತ್ತೆ ಈಗ ನಿಮ್ಮ ಕೈ ಜೇಬಿಗೆ ಹೋದದ್ದೇಕೆ? ಹಾಕಿ, ಹಾಕಿ. ನಿಮ್ಮ ಮನೆಯಲ್ಲಿ ನಾವು ಯಾರೂ ಹೇಳುವುದಿಲ್ಲ.

ಮಾತಾಡಲು ಬಾರದವಳ ಮಾತನ್ನು ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.