ಮಣ್ಣಿನಲ್ಲಿ ಹೂತ ಪುಣ್ಯ

ತುಂಗಭದ್ರೆಯ ಕಾಲುವೆ ಬದಿಯ ಒಂದೂರು. ಅಲ್ಲಿ ವಿರುಪಣ್ಣನೆಂಬ ಅಕ್ಕಿ ಗಿರಣಿಯ ಶ್ರೀಮಂತನಿದ್ದ. ದಾನದಲ್ಲಿ ಎತ್ತಿದ ಕೈ. ಹಬ್ಬ ಬಂತೆಂದರೆ ಗಿರಣಿಯ ಹೆಣ್ಣಾಳುಗಳಿಗೆ ಸೀರೆ, ಹಮಾಲರ ಓಣಿಗೆಲ್ಲ ಹುಗ್ಗಿಯೂಟ, ಮೈಕಿನಲ್ಲಿ ಅವನ ಹೆಸರು. ನೋಡಿ, ಆ ಹೆಸರು ಕೇಳಿದರೆ ಸಾಕು, ಹುಗ್ಗಿ ಉಣ್ಣದೆಯೇ ಅವನ ಹೊಟ್ಟೆ ತುಂಬುತ್ತಿತ್ತು.

ಆ ಓಣಿಯ ನೀರಿನ ಪೈಪು ಒಡೆದು ಚರಂಡಿಯಲ್ಲಿ ಮುಳುಗಿತ್ತು. ಈ ವರ್ಷ ಹುಗ್ಗಿ ಬಿಟ್ಟು ಪೈಪು ಹಾಕಿಸಿ ಎಂದು ಊರಿನ ನರ್ಸಮ್ಮ ಕೇಳಿಕೊಂಡಳು. ವಿರುಪಣ್ಣ ಯೋಚಿಸಿದ. ಹುಗ್ಗಿ ಉಂಡವರು ಹೊಗಳುತ್ತಾರೆ, ಮಣ್ಣಿನಲ್ಲಿ ಹೂತ ಪೈಪನ್ನು ಯಾರು ಹೊಗಳುತ್ತಾರೆ?

"ಗಟ್ಟಿ ಮಂದಿ ಅವ್ರು. ಆ ನೀರು ರೂಢಿ ಐತಿ" ಎಂದುಬಿಟ್ಟ. ತನ್ನ ಮನೆಯಲ್ಲಿ ಮಾತ್ರ ಫಿಲ್ಟರ್ ನೀರು. ಎಮ್ಮೆಗೂ ಅದೇ!

ಮಳೆ ಬಿತ್ತು, ಓಣಿಗೆ ವಾಂತಿಭೇದಿ ಹೊಕ್ಕಿತು. ಗಿರಣಿಗೆ ಆಳಿಲ್ಲ. ಸೋಮಾರಿಗಳು ಎಂದು ಗೊಣಗುತ್ತ ವಿರುಪಣ್ಣ ಆ ಓಣಿಯ ಮೂಲೆಯ ಅಂಗಡಿಯಿಂದ ಮಿರ್ಚಿ ಭಜಿ ತರಿಸಿ, ಚಟ್ನಿಯಲ್ಲಿ ಅದ್ದಿ ಅದ್ದಿ ತಿಂದ. ಚಟ್ನಿಗೆ ಹಾಕಿದ ನೀರು ಯಾವ ನಲ್ಲಿಯದು? ಕೇಳಬೇಕೆ?

ಸಂಜೆಯೊಳಗೆ ಶ್ರೀಮಂತ ಸರಕಾರಿ ಆಸ್ಪತ್ರೆಯಲ್ಲಿದ್ದ. ಸಲೈನ್ ಇದ್ದದ್ದು ಅಲ್ಲೊಂದೇ ಕಡೆ. ಪಕ್ಕದ ಮಂಚದಲ್ಲಿ, ಅವನ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಹುಲಿಗೆಮ್ಮನ ಪುಟ್ಟ ಮಗಳು ಕಣ್ಣು ತೇಲಿಸಿ ಮಲಗಿದ್ದಳು. ಏನಾದರೂ ಹೇಳಬೇಕಲ್ಲ, ಮಗು ಗಟ್ಟಿ ಇದೆ, ಉಳಿಯುತ್ತದೆ ಎಂದ ವಿರುಪಣ್ಣ.

ಹುಲಿಗೆಮ್ಮ ಮಗುವಿನ ತುಟಿ ಒರೆಸುತ್ತಲೇ ಹೇಳಿದಳು: "ಗಟ್ಟಿ ಇದ್ರ ಇಲ್ಲಿಗ್ಯಾಕ ತರ್ತಿದ್ದೆ, ಧಣ್ಯಾರ? ನೀವು ಒಂದ ಸಲಕ್ಕ ಮಲಗೀರಿ. ನಾವು ದಿನಾ ಕುಡೀತೀವಿ."

ವಿರುಪಣ್ಣ ಗೋಡೆಯ ಕಡೆ ಹೊರಳಿದ. ಆದರೆ ಕಿವಿ ಹೊರಳಲಿಲ್ಲ. ಆ ಎಳೆಯ ಉಸಿರನ್ನೇ ಆಲಿಸುತ್ತ, ಅದು ನಿಂತೀತೆಂದು ಹೆದರುತ್ತ ಬಿದ್ದುಕೊಂಡ.

ಮಗು ಬದುಕಿತು. ಆ ವರ್ಷ ಹುಗ್ಗಿಯಿಲ್ಲ, ಮೈಕಿಲ್ಲ. ಆ ದುಡ್ಡಿನಲ್ಲಿ ಓಣಿಗೆ ಹೊಸ ಪೈಪು ಬಂತು. ಧಣಿ ಜುಗ್ಗನಾದ ಎಂದು ಊರು ಆಡಿಕೊಂಡಿತು. ಅವನು ಕೇಳಿಸಿಕೊಂಡು ಓಣಿಯ ಹೊಸ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ಕುಡಿದ.

ನಗುತ್ತಿದ್ದೀರಿ. ನಗಿ, ನಗಿ. ಅನ್ನದಾನದ ಫೋಟೊ ನಿಮ್ಮ ಮೊಬೈಲಿನಲ್ಲೂ ಇದೆಯಲ್ಲ? ಅನ್ನ ಹಾಕಬೇಡಿ ಅನ್ನುತ್ತಿಲ್ಲ. ಆದರೆ ಬಡವರ ಬಾಳು ಏಳುವುದು ಒಂದು ದಿನದ ಊಟದಿಂದಲ್ಲ. ದಿನದ ನೀರಿನಿಂದ, ಬಾಗಿಲು ತೆರೆದಿರುವ ಆಸ್ಪತ್ರೆಯಿಂದ, ಹೆಣ್ಣುಮಗು ನಡುವೆ ಬಿಡದ ಶಾಲೆಯಿಂದ. ನಾಳೆ ನಿಮ್ಮ ಮನೆಯ ಪಾತ್ರೆ ತೊಳೆಯುವ ತಾಯಿಗೆ ಹೇಳಿ, ಅವಳ ಓಣಿಯ ನಲ್ಲಿಯಿಂದ ಒಂದು ಲೋಟ ನೀರು ತರಲಿ. ನೀವು ಕುಡಿಯಿರಿ. ಕುಡಿಯಲು ಮನಸ್ಸು ಬರಲಿಲ್ಲವೇ? ಹಾಗಾದರೆ ಅದೇ ಲೋಟ ಹಿಡಿದು ಗ್ರಾಮಸಭೆಗೆ ಹೋಗಿ. ಉತ್ತರ ಸಿಗುವವರೆಗೆ ಕೆಳಗಿಡಬೇಡಿ.